ಬಾಯಿ ಮುಚ್ಚದ ನಾಯಿಯೊಂದಿಗೆ ಚಳ್ಳಕೆರೆಗೆ

ನಮ್ಮ ನಾಯಿಗೆ ಹೆಸರಿರಲಿಲ್ಲ. ಮನೆಯಲ್ಲಿ ನಾವು ತೆಲುಗು ಮಾತಾಡುವವರು. ಅಪ್ಪ ‘ರಾರಾ’ ಎಂದರೆ ಅದು ಬರುತ್ತಿತ್ತು; ‘ಪೋರಾ’ ಎಂದರೆ ಹೋಗುತ್ತಿರಲಿಲ್ಲ, ಇನ್ನೂ ಒಂದು ಮೊಳ ಹತ್ತಿರ ಬಂದು ಕೂರುತ್ತಿತ್ತು. ಕಂದು ಬಣ್ಣದ, ಎಡಗಿವಿ ಮಡಚಿಕೊಂಡ ಬೀದಿನಾಯಿ. ಮರಿಯಾಗಿದ್ದಾಗ ಒಂದು ಬೆಳಿಗ್ಗೆ ಯಾವುದೋ ದೊಡ್ಡ ನಾಯಿಗೆ ಹೆದರಿ ನಮ್ಮ ಮನೆಯೊಳಕ್ಕೆ ನುಗ್ಗಿ, ನೇರವಾಗಿ ಹೋಗಿ ಅಪ್ಪನ ಮಗ್ಗದ ಗುಂಡಿಗೆ ಬಿದ್ದಿತ್ತು. ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ ಅಪ್ಪ, ತುಳಿಯುವ ಮಣೆಗಳ ನಡುವಿನಿಂದ ಅದನ್ನು ಎತ್ತಿ ಪಕ್ಕದಲ್ಲಿ ಕೂರಿಸಿ, ಮತ್ತೆ ಲಾಳಿ ಹಿಡಿದರು. ಅಷ್ಟೇ. ಅವತ್ತಿನಿಂದ ಅದರ ಜಾಗ ಮಗ್ಗದ ಪಕ್ಕವೇ ಆಯಿತು. ಮೊಳಕಾಲ್ಮುರಿನ ನಮ್ಮ ಬೀದಿಯ ಯಾವ ಮನೆಯ ಮುಂದೆ ಹಾದರೂ ಮಗ್ಗದ ಸದ್ದೇ. ಅಷ್ಟು ಸದ್ದುಗಳಲ್ಲಿ ಅಪ್ಪನ ಮಗ್ಗ ನಿಂತದ್ದು ಮಾತ್ರ ಅದಕ್ಕೆ ಹೇಗೋ ಗೊತ್ತಾಗುತ್ತಿತ್ತು. ಎಲ್ಲಿದ್ದರೂ ಓಡಿ ಬರುತ್ತಿತ್ತು. ಮಗ್ಗ ನಿಂತಿತೆಂದರೆ ಊಟದ ಹೊತ್ತು ಎಂದು ಅದರ ಲೆಕ್ಕ.

ನಾನು ಹೇಳಲಿಕ್ಕೆ ಹೊರಟಿರುವುದು ತೊಂಬತ್ತರ ದಶಕದ ನಡುಭಾಗದ ಮಾತು. ಆಗ ನನಗೆ ಇಪ್ಪತ್ತು. ಪಿಯುಸಿ ಮುಗಿಸಿ ಮನೆಯಲ್ಲಿ ಅಪ್ಪನಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತ ಕೂತಿದ್ದೆ. ಇವತ್ತು ಆ ದಿನವನ್ನು ನೆನೆದರೆ ನಗು ಬರುತ್ತದೆ. ಆದರೆ ಅವತ್ತು ಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲಿ ಯಾರ ಮುಖದಲ್ಲೂ ರಕ್ತವಿರಲಿಲ್ಲ.

ಅದೊಂದು ಸೋಮವಾರ. ಬೆಳಿಗ್ಗೆ ಅಮ್ಮ ಬಾಗಿಲು ತೆಗೆದು ನೀರು ಹಾಕಲು ಹೋದಾಗ ನಾಯಿ ಜಗಲಿಯ ಮೂಲೆಯಲ್ಲಿ ಮುದುಡಿಕೊಂಡಿತ್ತು. ಬಾಯಿ ತೆರೆದೇ ಇತ್ತು. ಕೆಳದವಡೆ ಜೋತುಬಿದ್ದ ಹಾಗೆ, ನಾಲಿಗೆ ಒಂದು ಕಡೆ ವಾಲಿ, ಜೊಲ್ಲು ಎಳೆಎಳೆಯಾಗಿ ಮುಂಗಾಲುಗಳ ಮೇಲೆ ಸುರಿಯುತ್ತಿತ್ತು. ಅಮ್ಮ ರೊಟ್ಟಿಯ ಚೂರು ಎಸೆದರು. ಮೂಸಿತು, ತಿನ್ನಲಿಲ್ಲ. ನೀರಿನ ಬೋಗುಣಿಯ ಹತ್ತಿರ ಹೋಗಿ ಮೂತಿ ಅದ್ದಿತು, ಕುಡಿಯಲಿಲ್ಲ. ಗಂಟಲಿನಿಂದ ಒಂದು ವಿಚಿತ್ರವಾದ ಸದ್ದು ಹೊರಟಿತು. ಬೊಗಳಿದ್ದೂ ಅಲ್ಲ, ಅತ್ತಿದ್ದೂ ಅಲ್ಲ.

ಅಪ್ಪನಿಗೆ ಮೊದಲು ಅನುಮಾನವೇ ಬರಲಿಲ್ಲ. ಗಂಟಲು ಒಣಗಿರಬೇಕೆಂದುಕೊಂಡು ಮಜ್ಜಿಗೆ ತಂದರು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳಿಂದಲೇ ತುಟಿ ಸರಿಸಿ, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಹುಯ್ದರು. ಮಜ್ಜಿಗೆ ಅಷ್ಟೂ ಜೊಲ್ಲಿನೊಂದಿಗೆ ಅವರ ಕೈಮೇಲೆಯೇ ಹರಿಯಿತು.

ಅಪ್ಪನ ಬೆರಳುಗಳ ಬಗ್ಗೆ ಇಲ್ಲಿ ಹೇಳಲೇಬೇಕು. ರೇಷ್ಮೆ ನೂಲು ನೋಡಲು ನಯ. ಆದರೆ ದಿನವಿಡೀ ಅದರೊಂದಿಗೆ ಇರುವವರ ಬೆರಳನ್ನು ಅದು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಅಪ್ಪನ ಬಲಗೈಯ ತೋರುಬೆರಳು, ನಡುಬೆರಳುಗಳಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳು ಯಾವಾಗಲೂ ಇರುತ್ತಿದ್ದವು. ಒಂದು ಮಾಯುವಷ್ಟರಲ್ಲಿ ಇನ್ನೊಂದು. ಉಪ್ಪಿನಕಾಯಿ ಕಲಸಿಕೊಳ್ಳುವಾಗ ಮುಖ ಕಿವುಚುತ್ತಿದ್ದರು, ನಾವು ನಗುತ್ತಿದ್ದೆವು.

ಎದುರುಮನೆಯ ಅಜ್ಜಿ ಹೂ ಬಿಡಿಸಲು ಬಂದವರು ಇದನ್ನು ನೋಡಿ, ಕೈಲಿದ್ದ ಬುಟ್ಟಿ ಅಲ್ಲೇ ಇಟ್ಟು ಹಿಂದಕ್ಕೆ ಸರಿದರು.

“ಅಯ್ಯಯ್ಯೋ, ಏನ್ ಮಾಡ್ತಾ ಇದೀರಿ? ಬಿಡ್ರಿ ಅದನ್ನ! ಹುಚ್ಚು ಹಿಡದೈತೆ ಕಣ್ರಿ ಅದಕ್ಕೆ. ಬಾಯಿ ನೋಡ್ರಿ, ಜೊಲ್ಲು ನೋಡ್ರಿ!”

ಅಪ್ಪನ ಕೈ ನಿಂತಿತು. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಅಮ್ಮನೂ ಅದೇ ಬೆರಳುಗಳನ್ನು ನೋಡಿದರು. ಆಮೇಲೆ ಅಮ್ಮ ಅಪ್ಪನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಬಚ್ಚಲಿನಲ್ಲಿ ಕೂರಿಸಿ, ಬಟ್ಟೆ ಸೋಪಿನಿಂದ ಕೈ ಉಜ್ಜತೊಡಗಿದರು. ಸೋಪು ಅರ್ಧ ಸವೆಯುವವರೆಗೂ ಉಜ್ಜಿದರು. ಅಪ್ಪ ಒಮ್ಮೆ “ಸಾಕು” ಎಂದರು. “ಸಾಕಾಗಲ್ಲ” ಎಂದರು ಅಮ್ಮ.

ಅಷ್ಟರಲ್ಲಿ ಬೀದಿಯಲ್ಲಿ ಸುದ್ದಿ ಹಬ್ಬಿತು. ಐದಾರು ಜನ ಗಂಡಸರು ಬಂದು ನಿಂತರು. ಅವರಲ್ಲಿ ಇಬ್ಬರ ಕೈಯಲ್ಲಿ ದೊಣ್ಣೆ. ಅಮ್ಮನ ತಮ್ಮ, ನಮ್ಮ ಸೋದರಮಾವ, ಪಕ್ಕದ ಬೀದಿಯಿಂದ ಹಾರೆಯನ್ನೇ ಹಿಡಿದುಕೊಂಡು ಬಂದಿದ್ದ.

“ಭಾವ, ನೀವು ಒಳಗಿರ್ರಿ. ಎರಡು ನಿಮಿಷದ ಕೆಲಸ ಐತೆ” ಎಂದ.

ನಾಯಿಗೆ ಅವನ ಪರಿಚಯ ಚೆನ್ನಾಗಿತ್ತು. ಅಂಥ ಸ್ಥಿತಿಯಲ್ಲೂ ಅವನನ್ನು ನೋಡಿ ಬಾಲ ಆಡಿಸಿತು. ಮಾವ ಹಾರೆಯನ್ನು ಗೋಡೆಗೆ ಒರಗಿಸಿ, ತಲೆ ಕೆರೆದುಕೊಂಡು, “ಎಲ್ಲಿ ಒಂದು ಲೋಟ ನೀರು ಕೊಡಕ್ಕ” ಎಂದ.

ಇದು ಆಮೇಲೆ ಅಮ್ಮ ಹೇಳಿದ್ದು; ನಾನು ಆ ಹೊತ್ತಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಆಸ್ಪತ್ರೆಗೆ ಓಡಿದ್ದೆ. ಡಾಕ್ಟರು ಆಗ ತಾನೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಕಚ್ಚಿದೆಯಾ?” ಎಂದರು. ಇಲ್ಲ ಎಂದೆ. “ಕೈಮೇಲೆ ಗಾಯ ಇದೆಯಾ?” ಇದೆ ಎಂದೆ.

“ಹಾಗಾದರೆ ಜೊಲ್ಲು ತಾಗಿದ್ದೂ ಕಚ್ಚಿದಷ್ಟೇ ಲೆಕ್ಕ. ನಿಮ್ಮ ತಂದೆಗೆ ಸೂಜಿ ಶುರು ಮಾಡಬೇಕಾಗುತ್ತೆ. ಹೊಟ್ಟೆಗೆ, ಹದಿನಾಲ್ಕು ದಿನ. ನಾಳೆ ಬೆಳಿಗ್ಗೆ ಕರ್ಕೊಂಡು ಬಾ. ಆದರೆ ಒಂದು ಮಾತು. ನಾಯೀನ ಯಾರೂ ಸಾಯಿಸಬೇಡಿ. ಬದುಕಿದ್ದಾಗಲೇ ದನದ ಡಾಕ್ಟರ ಹತ್ತಿರ ತೋರಿಸಿ. ಅವರು ಹುಚ್ಚಲ್ಲ ಅಂದರೆ ಸೂಜಿಯ ವಿಷಯ ಆಮೇಲೆ ಯೋಚನೆ ಮಾಡೋಣ.”

ವಾಪಸು ಎಷ್ಟು ಜೋರಾಗಿ ಓಡಿದೆನೋ ನನಗೆ ನೆನಪಿಲ್ಲ. ಬೀದಿಯ ತುದಿಯಿಂದಲೇ “ಹೊಡೀಬ್ಯಾಡ್ರಿ, ಡಾಕ್ಟ್ರು ಹೇಳಿದಾರೆ, ಹೊಡೀಬ್ಯಾಡ್ರಿ” ಎಂದು ಕೂಗಿಕೊಂಡೇ ಬಂದೆ. ನಾಯಿ ಇನ್ನೂ ಜಗಲಿಯ ಮೂಲೆಯಲ್ಲೇ ಇತ್ತು. ಅದರ ಮುಂದೆ, ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅಪ್ಪ ಕೂತಿದ್ದರು. ದೊಣ್ಣೆ ಹಿಡಿದವರು ಅಪ್ಪನನ್ನು ದಾಟಿ ಹೋಗಲಾರದೆ ಅಲ್ಲೇ ನಿಂತಿದ್ದರು. ಅವತ್ತಿನ ಮೊದಲ ನೆಮ್ಮದಿ ನನಗೆ ಸಿಕ್ಕಿದ್ದು ಅಲ್ಲಿ.

ನಮ್ಮೂರಿನ ದನದ ಡಾಕ್ಟರು ಕುರಿಗಳಿಗೆ ಲಸಿಕೆ ಹಾಕಲು ರಾಂಪುರದ ಕಡೆ ಹಳ್ಳಿಗಳಿಗೆ ಹೋಗಿದ್ದರು, ಬರುವುದು ಎರಡು ದಿನ ಆಗುತ್ತದೆ ಎಂದು ತಿಳಿಯಿತು. ಉಳಿದದ್ದು ಚಳ್ಳಕೆರೆ. ಬಾಯಿ ತೆರೆದು ಜೊಲ್ಲು ಸುರಿಸುವ ನಾಯಿಯನ್ನು ಯಾವ ಬಸ್ಸಿನವರು ಹತ್ತಿಸಿಕೊಳ್ಳುತ್ತಾರೆ? ಕಾರೇ ಆಗಬೇಕು. ಕಾರು ಎಂದರೆ ನಮ್ಮ ಕಣ್ಣ ಮುಂದೆ ಇದ್ದದ್ದು ಒಂದೇ.

ಬಸ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ಆ ಬಿಳಿ ಅಂಬಾಸಿಡರಿನ ಮಾಲೀಕನೇ ಅದರ ಡ್ರೈವರು. ನಲವತ್ತರ ಆಸುಪಾಸಿನ, ಮೀಸೆಯನ್ನು ನೀಟಾಗಿ ಕತ್ತರಿಸಿಕೊಂಡ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುತ್ತಿದ್ದ ಮನುಷ್ಯ. ಮದುವೆ ಹೆಣ್ಣುಗಳನ್ನು, ಸೀರೆ ಖರೀದಿಗೆ ಬರುವ ಸಾಹುಕಾರರನ್ನು ಕರೆದೊಯ್ಯುವ ಕಾರು ಅದು. ಸೀಟುಗಳಿಗೆ ಕೆಂಪು ಮಖಮಲ್ಲಿನ ಕವರು. ಹತ್ತುವ ಮುಂಚೆ ಚಪ್ಪಲಿ ಕೊಡವಬೇಕು, ಒಳಗೆ ಎಲೆಅಡಿಕೆ ಹಾಕುವಂತಿಲ್ಲ. ಇಂಥವನನ್ನು ಕೇಳುವುದು ಹೇಗೆ ಎಂದು ಮಾವ ಹಿಂಜರಿದ. ನಾನೇ ಕೇಳಿದೆ.

ಅವನು ನನ್ನ ಬರಿಗಾಲನ್ನು ನೋಡಿದ. “ಯಾರಿಗೆ ಜೊಲ್ಲು ತಾಗಿರೋದು?” ಎಂದ.

“ಅಪ್ಪನಿಗೆ.”

“ಹೊಟ್ಟೆಗೆ ಹದಿನಾಲ್ಕು ಸೂಜಿ ಅಂದ್ರಾ?”

“ಹೂಂ.”

ಅವನು ಕಾರಿನ ಬಾಗಿಲು ತೆಗೆದು, ಕೆಂಪು ಕವರುಗಳನ್ನು ಒಂದೊಂದಾಗಿ ಬಿಚ್ಚಿ, ಮಡಚಿ, ಬೇವಿನ ಮರದ ಕೆಳಗಿನ ಬೀಡಾ ಅಂಗಡಿಯವನ ಕೈಗೆ ಕೊಟ್ಟ. “ಸಂಜೆ ಈಸ್ಕೊಂತೀನಿ, ಧೂಳು ಬೀಳ್ದಂಗೆ ನೋಡ್ಕ” ಎಂದ. ನನ್ನ ಕಡೆ ತಿರುಗಿ, “ನಡಿ ತಂಗಿ” ಎಂದ.

ನಾಯಿಯನ್ನು ಹತ್ತಿಸುವುದು ಸುಲಭವಾಗಿರಲಿಲ್ಲ. ಬಾಯಿ ಕಟ್ಟೋಣವೆಂದರೆ ಬಾಯಿ ಮುಚ್ಚುತ್ತಿಲ್ಲ. ಯಾರೋ ಡಿಕ್ಕಿಯಲ್ಲಿ ಹಾಕಿ ಎಂದರು. ಅಪ್ಪ ಬೇಡವೆಂದರು, ಡ್ರೈವರೂ “ಉಸಿರುಗಟ್ಟಿ ಸಾಯ್ತೈತೆ” ಎಂದ. ಕೊನೆಗೆ ಸಂತೆಗೆ ಕುರಿಮರಿ ಒಯ್ಯುವವರ ಉಪಾಯವನ್ನು ಅವನೇ ಹೇಳಿಕೊಟ್ಟ. ಶೇಂಗಾ ತುಂಬುವ ಗೋಣಿಚೀಲವೊಂದನ್ನು ತಂದು, ಮಾವ ಕೈಗೆ ಬಟ್ಟೆ ಸುತ್ತಿಕೊಂಡು, ನಾಯಿಯನ್ನು ಕುತ್ತಿಗೆಯವರೆಗೆ ಅದರೊಳಗೆ ಇಳಿಸಿದ. ಚೀಲದ ಬಾಯನ್ನು ಕುತ್ತಿಗೆಯ ಸುತ್ತ ಸಡಿಲವಾಗಿ ಕಟ್ಟಿದ್ದಾಯಿತು. ಹಿಂದಿನ ಸೀಟಿನ ಮೇಲೆ ಇನ್ನೆರಡು ಗೋಣಿ ಹಾಸಿ ಅದನ್ನು ಮಲಗಿಸಿದರು. ಪಕ್ಕದಲ್ಲಿ ಅಪ್ಪ. ಈ ಸಲ ಅಮ್ಮ ಅವರ ಎರಡೂ ಕೈಗಳಿಗೆ ಪ್ಲಾಸ್ಟಿಕ್ ಕವರು ಹಾಕಿ, ಮಣಿಕಟ್ಟಿನ ಹತ್ತಿರ ದಾರ ಸುತ್ತಿ, ಗಂಟು ಹಾಕಿಯೇ ಕಳಿಸಿದರು. ನಾನು ಮುಂದಿನ ಸೀಟಿನಲ್ಲಿ ಕೂತೆ. ಮಾವ ಅಮ್ಮನ ಜೊತೆ ಉಳಿದ.

ಕಾರು ಹೊರಟಾಗ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಎಲ್ಲರೂ ಬಾಗಿಲಿಗೆ ಬಂದು ನೋಡುತ್ತಿದ್ದರು.

ನಮ್ಮೂರ ಪಕ್ಕದ ಹಾನಗಲ್ ದಾಟಿ ದೊಡ್ಡ ರಸ್ತೆಗೆ ಬಂದೆವು. ಎಲ್ಲ ಕಿಟಕಿಗಳನ್ನೂ ಇಳಿಸಿದ್ದೆವು. ಬಿಸಿಗಾಳಿ ಒಳಗೆ ನುಗ್ಗುತ್ತಿತ್ತು. ಎರಡೂ ಕಡೆ ಬಂಡೆಗುಡ್ಡಗಳು, ಕಿತ್ತು ಗುಡ್ಡೆ ಹಾಕಿದ ಶೇಂಗಾ ಬಳ್ಳಿ, ಅಲ್ಲೊಂದು ಇಲ್ಲೊಂದು ಈಚಲ ಮರ. ಕನ್ನಡಿಯಲ್ಲಿ ನನಗೆ ಅಪ್ಪನ ಮುಖ ಅರ್ಧ ಕಾಣುತ್ತಿತ್ತು. ಅವರು ನಾಯಿಯನ್ನೇ ನೋಡುತ್ತಿದ್ದರು. ಅಪ್ಪ ಕಾರಿನಲ್ಲಿ ಕೂತದ್ದು ತೀರ ಕಡಿಮೆ. ತಿರುವು ಬಂದಾಗಲೆಲ್ಲ ಪ್ಲಾಸ್ಟಿಕ್ ಕಟ್ಟಿದ ಕೈಯಿಂದ ಮುಂದಿನ ಸೀಟನ್ನು ಹಿಡಿದುಕೊಳ್ಳುತ್ತಿದ್ದರು, ಕವರು ಪರಪರ ಎನ್ನುತ್ತಿತ್ತು.

“ನಂಗೂ ಹದಿನಾಲ್ಕು ಹಾಕಿದ್ರು” ಎಂದ ಡ್ರೈವರು, ಇದ್ದಕ್ಕಿದ್ದಂತೆ.

ನಾನು ಅವನ ಕಡೆ ತಿರುಗಿದೆ. ಅವನೇ ಮುಂದುವರಿಸಿದ.

“ನಮ್ಮದು ಪರಶುರಾಂಪುರ. ಕುರಿ ಕಾಯಕ್ಕೆ ಹೋಗ್ತಿದ್ದೆ, ಏಳೋ ಎಂಟೋ ವರ್ಷ ಇದ್ದಿರಬೇಕು. ಎಲ್ಲಿಂದ ಬಂತೋ ಏನೋ, ಮೀನಖಂಡಕ್ಕೆ ಬಾಯಿ ಹಾಕ್ತು. ದಿನಾ ನಮ್ಮವ್ವ ನನ್ನ ಬಸ್ಸಿಗೆ ಹತ್ತಿಸ್ಕೊಂಡು ಚಳ್ಳಕೆರೆಗೆ ಕರ್ಕೊಂಡ್ ಬರೋಳು. ಹೊಕ್ಕಳ ಸುತ್ತ ಹಾಕೋರು. ಹೊಟ್ಟೆ ಹಿಂಗೆ ಊದಿತ್ತು. ಆಸ್ಪತ್ರೆ ಗೇಟು ಕಂಡ್ರೆ ಸಾಕು, ಕಿರುಚಾಕ್ ಶುರು. ಅವತ್ತಿಂದ ನಾಯಿ ಅಂದ್ರೆ…” ಎಂದು ನಿಲ್ಲಿಸಿ, ಕನ್ನಡಿಯಲ್ಲಿ ಹಿಂದೆ ನೋಡಿದ. “ಅಣ್ಣಾರೆ, ಹೆದರಿಸಾಕ್ ಹೇಳ್ತಿಲ್ಲ ನಾನು. ಬದುಕ್ದೆ ನೋಡ್ರಿ, ಮೀಸೆ ಬಂತು, ಕಾರು ತಗಂಡೆ, ಅದನ್ನ ಹೇಳಕ್ಕೆ ಹೇಳ್ದೆ.”

ಅಪ್ಪ ಮೊದಲ ಸಲ ಸ್ವಲ್ಪ ನಕ್ಕರು. “ನಾಯಿ ಅಂದ್ರೆ ಭಯ ಅಂತೀಯ, ಮತ್ತೆ ಯಾಕಪ್ಪಾ ಬಂದೆ?”

“ನೀವು ಬಸ್ಸಲ್ಲಿ ಹೋಗಕ್ಕಾಗ್ತಿತ್ತಾ?” ಎಂದ ಅವನು.

ಬಿ.ಜಿ. ಕೆರೆ ದಾಟಿದ ಮೇಲೆ ರಸ್ತೆಗೆ ಅಡ್ಡವಾಗಿ ಕುರಿಹಿಂಡು ಬಂತು. ಇನ್ನೂರು ಮುನ್ನೂರು ಕುರಿಗಳು, ಮುಂದೆ ಒಬ್ಬ, ಹಿಂದೆ ಒಬ್ಬ, ಕಂಬಳಿ ಹೆಗಲ ಮೇಲೆ ಹಾಕಿಕೊಂಡ ಕುರುಬರು, ಜೊತೆಗೆ ಎರಡು ನಾಯಿ. ಕಾರು ನಿಂತಿತು. ಕುರಿಗಳು ಕಾರನ್ನು ಎರಡೂ ಕಡೆಯಿಂದ ಸವರಿಕೊಂಡು ಹೋಗತೊಡಗಿದವು. ಆ ನಾಯಿಗಳಿಗೆ ನಮ್ಮದರ ವಾಸನೆ ಸಿಕ್ಕಿರಬೇಕು. ಕಿಟಕಿಗೆ ಕಾಲು ಕೊಟ್ಟು ಬೊಗಳಿದವು. ನಮ್ಮ ನಾಯಿ ಗಾಬರಿಯಾಗಿ ಒದ್ದಾಡಿತು. ಅಪ್ಪ ಹಿಡಿದುಕೊಳ್ಳಲು ಹೋದರು, ಪ್ಲಾಸ್ಟಿಕ್ ಜಾರಿತು. ಸಡಿಲವಾಗಿ ಕಟ್ಟಿದ್ದ ಗಂಟು ಬಿಚ್ಚಿ, ಮುಂಗಾಲುಗಳೆರಡೂ ಹೊರಬಂದು, ಚೀಲದ ಸಮೇತ ಮುಂದಕ್ಕೆ ನೆಗೆದು, ಎರಡು ಸೀಟುಗಳ ನಡುವೆ ತೂರಿಕೊಂಡು ಬಂತು. ಬಂದದ್ದೇ ತನ್ನ ತೆರೆದ ಬಾಯನ್ನು ಡ್ರೈವರಿನ ಎಡ ಹೆಗಲ ಮೇಲೆ ಇಟ್ಟಿತು.

ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಜೊಲ್ಲು ಇಳಿಯುತ್ತಿತ್ತು. ಡ್ರೈವರು ಕಲ್ಲಾದ. ಸ್ಟಿಯರಿಂಗ್ ಹಿಡಿದ ಅವನ ಬೆರಳುಗಳು ಬೆಳ್ಳಗಾದದ್ದು ಈಗಲೂ ನನ್ನ ಕಣ್ಣ ಮುಂದಿದೆ.

“ತಂಗಿ, ಯಾರೂ ಅಲ್ಲಾಡಬ್ಯಾಡ್ರಿ” ಎಂದ ಪಿಸುದನಿಯಲ್ಲಿ, ತುಟಿಯನ್ನೂ ಅಲ್ಲಾಡಿಸದೆ.

“ಅದು ಕಚ್ಚಲ್ಲ” ಎಂದರು ಅಪ್ಪ.

ಆಗ ನನಗೊಂದು ಹೊಳೆಯಿತು. “ಅಣ್ಣಾ, ಕಚ್ಚಬೇಕು ಅಂದ್ರೆ ಬಾಯಿ ಮುಚ್ಚಬೇಕಲ್ಲ. ಅದಕ್ಕೆ ಬಾಯಿ ಮುಚ್ಚಕ್ಕೇ ಆಗ್ತಿಲ್ಲ.”

ಅವನು ಯೋಚಿಸಿದ. “ಕಚ್ಚೋದು ಬ್ಯಾಡ, ಜೊಲ್ಲೇ ಸಾಕಲ್ಲವ್ವ” ಎಂದ. ಆದರೂ ಅವನ ಹೆಗಲು ಸ್ವಲ್ಪ ಸಡಿಲವಾಯಿತು. ಅಪ್ಪ ಹಿಂದಿನಿಂದ ನಿಧಾನವಾಗಿ “ರಾರಾ… ರಾರಾ…” ಎಂದು ಕರೆದರು. ನಾಯಿ ಕಿವಿ ನಿಮಿರಿಸಿತು. ಒಂದು ನಿಮಿಷವಿರಬಹುದು, ನನಗೆ ಒಂದು ಗಂಟೆ ಅನ್ನಿಸಿತು. ಅದು ಹಿಂದೆಹಿಂದೆ ಸರಿದು, ಹೋಗಿ ಅಪ್ಪನ ಪಕ್ಕದಲ್ಲಿ ಕೂತಿತು. ಅಷ್ಟು ಹೊತ್ತಿಗೆ ಕುರಿಹಿಂಡು ದಾಟಿಯಾಗಿತ್ತು. ಹಿಂದಿದ್ದ ಕುರುಬ ಕಿಟಕಿಯಲ್ಲಿ ಇಣುಕಿ, “ಏನಾಗೈತ್ರಿ ನಾಯಿಗೆ?” ಎಂದ. ಡ್ರೈವರು ಗೇರು ಹಾಕಿದ. ಆಮೇಲೆ ತಳಕು, ಹಿರೇಹಳ್ಳಿ ಎಲ್ಲ ಯಾವಾಗ ಬಂದವು, ಯಾವಾಗ ಹೋದವು ಎಂದೇ ತಿಳಿಯಲಿಲ್ಲ.

ಚಳ್ಳಕೆರೆ ಹತ್ತಿರವಾದದ್ದು ಮೂಗಿಗೆ ಗೊತ್ತಾಯಿತು. ಮಿಲ್ಲುಗಳಿಂದ ಶೇಂಗಾ ಎಣ್ಣೆಯ ಬೆಚ್ಚಗಿನ ವಾಸನೆ ಊರಿಗೆ ಮುಂಚೆಯೇ ರಸ್ತೆಗೆ ಬಂದು ನಿಂತಿರುತ್ತಿತ್ತು. ನಾಯಿ ಕೂಡ ಮೂಗನ್ನು ಕಿಟಕಿಯ ಕಡೆ ತಿರುಗಿಸಿ ಗಾಳಿ ಮೂಸಿತು. ಅದನ್ನು ನೋಡಿ ಅಪ್ಪ ನನಗೆ ತೆಲುಗಿನಲ್ಲಿ, “ಹುಚ್ಚು ನಾಯಿ ಎಣ್ಣೆ ವಾಸನೆ ಮೂಸುತ್ತಾ?” ಎಂದು ಕೇಳಿದರು. ನನಗೇನು ಗೊತ್ತು? ಮೂಸಲ್ಲ ಎಂದೆ.

ದನದ ಆಸ್ಪತ್ರೆಯ ಡಾಕ್ಟರು ಸ್ವಲ್ಪ ದಪ್ಪನೆಯ, ಕನ್ನಡಕದ, ದೊಡ್ಡ ಗಂಟಲಿನ ಮನುಷ್ಯ. ಟಿಫನ್ ಡಬ್ಬಿ ಬಿಚ್ಚಿ ಕೂತಿದ್ದರು. ಚಿತ್ರಾನ್ನದ ಮೊದಲ ತುತ್ತು ಕೈಯಲ್ಲಿತ್ತು. ವಿಷಯ ಕೇಳಿದ ಕಾಂಪೌಂಡರು ಗೋಡೆಗೆ ಅಂಟಿಕೊಂಡ. ಡಾಕ್ಟರು ಮಾತ್ರ ತುತ್ತನ್ನು ಬಾಯಿಗಿಟ್ಟು, ಡಬ್ಬಿ ಮುಚ್ಚಿ, ಕೈತೊಳೆದು, ಹೊರಗೆ ಬಂದು ಕಾರಿನಿಂದ ನಾಲ್ಕಡಿ ದೂರದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಸುಮ್ಮನೆ ನಾಯಿಯನ್ನು ನೋಡಿದರು. ಆಮೇಲೆ ಪ್ರಶ್ನೆಗಳು.

“ಯಾವಾಗಿಂದ ಹಿಂಗಾಗಿರೋದು?”

“ಇವತ್ತು ಬೆಳಿಗ್ಗೆ ನೋಡಿದ್ವಿ ಸಾರ್.”

“ನಿನ್ನೆ ಸಂಜೆ?”

“ಚೆನ್ನಾಗಿತ್ತು.”

“ನೀರು ಕಂಡರೆ ದೂರ ಓಡುತ್ತಾ?”

“ಇಲ್ಲ ಸಾರ್, ತಾನಾಗೇ ಹೋಗಿ ಮೂತಿ ಅದ್ದುತ್ತೆ. ಕುಡಿಯಕ್ಕಾಗಲ್ಲ.”

“ಕರೆದರೆ ಬರುತ್ತಾ? ಮನೆಯವರ ಗುರುತು ಇದೆಯಾ?”

“ಬರುತ್ತೆ” ಎಂದರು ಅಪ್ಪ. “ಇವತ್ತು ಬೆಳಿಗ್ಗೆನೂ ಬಾಲ ಆಡಿಸ್ತು.”

“ಕಾಲಲ್ಲಿ ಬಾಯಿ ಕೆರ್ಕೊಳ್ಳುತ್ತಾ?”

ನಾವು ಉತ್ತರಿಸಬೇಕಾಗಲಿಲ್ಲ. ಚೀಲದಿಂದ ಹೊರಗಿದ್ದ ಮುಂಗಾಲನ್ನು ಎತ್ತಿ ನಾಯಿ ತನ್ನ ದವಡೆಯನ್ನು ಉಜ್ಜಿಕೊಂಡಿತು, ಅದೂ ಎರಡೆರಡು ಸಲ. ಬೆಳಿಗ್ಗೆಯಿಂದ ಅದು ಹಾಗೆ ಮಾಡುತ್ತಲೇ ಇತ್ತು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ, ನಮ್ಮ ಕಣ್ಣೆಲ್ಲ ಜೊಲ್ಲಿನ ಮೇಲಿತ್ತು.

ಡಾಕ್ಟರ ಮುಖದಲ್ಲಿ ಏನೋ ಬದಲಾಯಿತು. ಎದ್ದು ಒಳಗೆ ಹೋಗಿ ಮೊಣಕೈವರೆಗಿನ ದಪ್ಪ ಗ್ಲೌಸು ಹಾಕಿಕೊಂಡು ಬಂದರು. ಕಾಂಪೌಂಡರಿಗೆ ಟಾರ್ಚ್, ಉದ್ದನೆಯ ಇಕ್ಕಳ ತರಲು ಹೇಳಿದರು. ನಾಯಿಯನ್ನು ಬೇವಿನ ಮರದಡಿಯ ಸಿಮೆಂಟ್ ಕಟ್ಟೆಯ ಮೇಲೆ ಮಲಗಿಸಿ, ಚೀಲವನ್ನು ಮತ್ತೆ ಬಿಗಿದು, ಮೇಲ್ದವಡೆಗೊಂದು ಕೆಳದವಡೆಗೊಂದು ಬ್ಯಾಂಡೇಜು ಬಟ್ಟೆ ಹಾಕಿ ಎರಡೂ ಕಡೆ ಎಳೆದು ಹಿಡಿಯುವಂತೆ ಹೇಳಿದರು. ಹಿಡಿಯಲು ಕಾಂಪೌಂಡರು ಒಬ್ಬನೇ ಸಾಲದು. ಅಪ್ಪ ಮುಂದೆ ಬಂದರು. “ನೀವು ದೂರ ನಿಲ್ಲಿ. ಮಾಡಿದ್ದು ಸಾಕು” ಎಂದು ಡಾಕ್ಟರು ಗದರಿದರು. ಆಗ ಇನ್ನೊಂದು ಬಟ್ಟೆಯ ತುದಿ ಹಿಡಿದದ್ದು ನಮ್ಮ ಡ್ರೈವರು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ, ಆದರೆ ಹಿಡಿತ ಬಿಡಲಿಲ್ಲ.

ಡಾಕ್ಟರು ಟಾರ್ಚ್ ಬೆಳಕು ಬಿಟ್ಟು ಬಗ್ಗಿ ನೋಡಿದರು. ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ.

“ಓಹೋಹೋ” ಎಂದರು.

ನಾನು ನೋಡಲು ಒಂದು ಹೆಜ್ಜೆ ಮುಂದೆ ಬಂದೆ.

“ಭಾನುವಾರ ನಿಮ್ಮನೇಲಿ ಬಾಡೂಟಾನಾ?”

“ನಮ್ಮನೇಲಿ ಇಲ್ಲ ಸಾರ್” ಎಂದೆ. “ಎದುರುಮನೆಗೆ ನೆಂಟರು ಬಂದಿದ್ರು.”

“ಹಾಗಾದರೆ ಎದುರುಮನೆಯವರ ಮೂಳೆ ಇದು.”

ಇಕ್ಕಳ ಒಳಗೆ ಹೋಯಿತು. ಡಾಕ್ಟರು ಒಂದು ಸಲ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು. ನಾಯಿ ನೋವಿನಿಂದ ಕಿರುಚಿತು. ಟಕ್ ಎಂದು ಸದ್ದಾಯಿತು. ಇಕ್ಕಳದ ತುದಿಯಲ್ಲಿ ಅರ್ಧ ಬೆರಳುದ್ದದ, ಎರಡೂ ತುದಿ ಚೂಪಾದ ಮೂಳೆ. ಮೇಲಿನ ದವಡೆಹಲ್ಲುಗಳ ನಡುವೆ, ಅಂಗುಳಕ್ಕೆ ಅಡ್ಡವಾಗಿ, ತೊಲೆ ಇಟ್ಟ ಹಾಗೆ ಸಿಕ್ಕಿಕೊಂಡಿತ್ತಂತೆ.

ಬಟ್ಟೆಗಳನ್ನು ಬಿಟ್ಟರು. ನಾಯಿ ಬಾಯಿ ಮುಚ್ಚಿತು.

ಬಾಯಿ ಮುಚ್ಚುವುದು ಅಷ್ಟು ಚಂದದ ನೋಟ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅದು ಒಮ್ಮೆ ಮುಚ್ಚಿ, ತನಗೇ ನಂಬಿಕೆಯಿಲ್ಲದ ಹಾಗೆ ತೆರೆದು, ಮತ್ತೆ ಮುಚ್ಚಿತು. ನಾಲಿಗೆಯಿಂದ ಮೂಗು ನೆಕ್ಕಿಕೊಂಡಿತು. ಡಾಕ್ಟರು ಒಂದು ಬಟ್ಟಲಲ್ಲಿ ನೀರು ತರಿಸಿಟ್ಟರು. ಚೀಲ ಬಿಚ್ಚಿದ್ದೇ ತಡ, ಲೊಚಲೊಚ ಎಂದು ತಳ ಕಾಣುವವರೆಗೆ ಕುಡಿಯಿತು. ಇನ್ನೊಂದು ಬಟ್ಟಲು ಹಾಕಿದರು, ಅದೂ ಖಾಲಿ.

ಅಪ್ಪ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತುಬಿಟ್ಟಿದ್ದರು. ನಾನು ಹತ್ತಿರ ಹೋದೆ. ಪ್ಲಾಸ್ಟಿಕ್ ಕವರಿನ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಅವರು ನೆಲ ನೋಡುತ್ತಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ನನ್ನ ದುಪಟ್ಟಾದಿಂದ ನಾನೇ ಒರೆಸಿದೆ. “ನಾಯ್ನಾ, ಏನೂ ಇಲ್ಲ, ಮೂಳೆ ಅಷ್ಟೇ” ಎಂದೆ; ಮನೆಯಲ್ಲಿ ಅಪ್ಪನನ್ನು ನಾವು ಕರೆಯುತ್ತಿದ್ದದ್ದು ಹಾಗೆ. ಅವರು ಹೂಂ ಎಂದು ತಲೆಯಾಡಿಸಿದರು. ಬೆಳಿಗ್ಗೆಯಿಂದ ಅವರು ಎಷ್ಟು ಹೆದರಿದ್ದರು ಎಂದು ನನಗೆ ಗೊತ್ತಾದದ್ದು ಅವರ ಹೆದರಿಕೆ ಹೋದ ಮೇಲೆ.

ಡಾಕ್ಟರು ಗ್ಲೌಸು ಕಳಚುತ್ತ ಬಂದು ಬೈದರು. “ಈ ಸಲ ಮೂಳೆ ಆಗಿತ್ತು, ಬಚಾವಾದ್ರಿ. ಇನ್ನೊಂದು ಸಲ ಹಿಂಗೆ ಬಾಯಿಗೆ ಕೈ ಹಾಕೀರಿ, ಹುಷಾರು. ಹತ್ತು ದಿನ ಕಟ್ಟಿಹಾಕಿ ನೋಡ್ರಿ. ಉಂಡು ತಿಂದು ಓಡಾಡ್ಕೊಂಡು ಇದ್ದರೆ ಏನೂ ಭಯ ಇಲ್ಲ. ನಾನು ಚೀಟಿ ಬರೆದುಕೊಡ್ತೀನಿ, ನಿಮ್ಮೂರ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂಗೆ ಕೇಳಿ.” ಚೀಟಿಯ ಜೊತೆ ಮೂಳೆಯನ್ನೂ ಒಂದು ಕಾಗದದಲ್ಲಿ ಸುತ್ತಿ ಕೊಟ್ಟರು. “ಬೀದಿಯವರಿಗೆ ತೋರಿಸಿ. ಇಲ್ಲದಿದ್ದರೆ ನಂಬಲ್ಲ.”

ಡ್ರೈವರು ಆಗಲೇ ಆಸ್ಪತ್ರೆಯ ನಲ್ಲಿಯ ಕೆಳಗಿದ್ದ. ಅಂಗಿ ಬಿಚ್ಚಿ, ಕಾಂಪೌಂಡರು ಕೊಟ್ಟ ಕೆಂಪು ಸೋಪಿನಿಂದ ಹೆಗಲು, ಕುತ್ತಿಗೆ, ಕೈ ಎಲ್ಲವನ್ನೂ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ತೊಳೆದ ಅಂಗಿಯನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿ, ಬನಿಯನ್ನಿನಲ್ಲೇ ನಿಂತು, “ಹುಚ್ಚಲ್ಲ ಅಂತಲ್ಲ ಸಾರ್? ಇನ್ನೊಂದ್ ಸಲ ಹೇಳಿ” ಎಂದ. ಡಾಕ್ಟರು ಹೇಳಿದರು. “ಇನ್ನೊಂದ್ ಸಲ” ಎಂದ. ಡಾಕ್ಟರು ನಕ್ಕು, ಡಬ್ಬಿ ಬಿಚ್ಚಲು ಒಳಗೆ ಹೋದರು.

ವಾಪಸು ಬರುವಾಗ ತಳಕಿನಲ್ಲಿ ಕಾರು ನಿಲ್ಲಿಸಿದ. ಬೆಳಿಗ್ಗೆಯಿಂದ ನಾವು ಮೂವರೂ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು. ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಅಪ್ಪ ಕೈಯ ಪ್ಲಾಸ್ಟಿಕ್ ಬಿಚ್ಚಿಸಿ, ತೊಳೆದುಕೊಂಡು, ಎರಡು ಪ್ಲೇಟು ತಿಂದರು. ಬಜ್ಜಿಯ ಖಾರ ಬೆರಳ ಗೀರುಗಳಿಗೆ ತಾಗಿ “ಸ್ಸ್” ಎಂದರು, ತಿನ್ನುವುದು ಮಾತ್ರ ನಿಲ್ಲಿಸಲಿಲ್ಲ. ಡಾಕ್ಟರು ಮೆತ್ತಗಿನದನ್ನೇ ಕೊಡಿ ಎಂದಿದ್ದರು. ಡ್ರೈವರು ತಾನೇ ಹೋಗಿ ಬನ್ನು, ಹಾಲು ತಂದು, ಎಲೆಯ ಮೇಲೆ ಬನ್ನನ್ನು ಮುರಿದು ಹಾಲಿನಲ್ಲಿ ನೆನೆಸಿ, ಕಾರಿನ ಬಾಗಿಲಿನ ಹತ್ತಿರ ಇಟ್ಟು, ಮೂರು ಹೆಜ್ಜೆ ಹಿಂದೆ ಹಾರಿ ನಿಂತ. ನಾಯಿ ಎಲೆಯನ್ನೂ ಬಿಡದೆ ನೆಕ್ಕಿತು. ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಲೇ ನಿಂತಿದ್ದ.

ಅಲ್ಲಿಂದ ಮುಂದೆ ಚೀಲ ಇರಲಿಲ್ಲ. ನಾಯಿ ಹಿಂದಿನ ಸೀಟಿನಲ್ಲಿ ಕೂತು ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿತ್ತು. ಬಾಯಿ ಮುಚ್ಚಿಕೊಂಡು, ಕಣ್ಣು ಕಿರಿದು ಮಾಡಿ, ಗಾಳಿಗೆ ಎರಡೂ ಕಿವಿ ಹಿಂದಕ್ಕೆ ಹಾರಿಸಿಕೊಂಡು. ಅಪ್ಪ ಅದರ ಬೆನ್ನಿಗೆ ಒರಗಿಯೇ ನಿದ್ದೆ ಹೋದರು. ಡ್ರೈವರು ಹಾರ್ನ್ ಹೊಡೆಯುವುದನ್ನು ಬಿಟ್ಟ. ಎದುರಿಗೆ ಟ್ರಾಕ್ಟರು ಬಂದರೂ ತಾನೇ ನಿಧಾನ ಮಾಡಿ ಬದಿಗೆ ಸರಿದ.

ಬೀದಿಯಲ್ಲಿ ಕಾರು ನಿಂತಾಗ ಸುತ್ತ ಜನ ಸೇರಿದರು. ಅಮ್ಮ ಮೊದಲು ಅಪ್ಪನ ಮುಖ ನೋಡಿದರು. ನಿದ್ದೆಗಣ್ಣಿನ ಅಪ್ಪ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿ ತೋರಿಸಿದರು. ಮೂಳೆ ಕೈಯಿಂದ ಕೈಗೆ ಹೋಯಿತು. ಎದುರುಮನೆಯ ಅಜ್ಜಿಯ ಕೈಗೆ ಬಂದಾಗ ಅವರು ಅದನ್ನು ಬಹಳ ಹೊತ್ತು ನೋಡಿ, “ಇದು ನಮ್ಮನೇದೇ” ಎಂದು ಒಪ್ಪಿಕೊಂಡರು. ಎಲ್ಲರೂ ಹೋ ಎಂದು ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದವರು, ಒಳಗೆ ಹೋಗಿ ಕೂತು, ಸಣ್ಣ ದನಿಯಲ್ಲಿ ಅತ್ತರು. ಆಮೇಲೆ ಎದ್ದು ಅನ್ನಕ್ಕೆ ಇಟ್ಟರು.

ಊರ ಡಾಕ್ಟರು ಚೀಟಿ ಓದಿ, ಸೂಜಿ ಸದ್ಯಕ್ಕೆ ಬೇಡ, ಹತ್ತು ದಿನ ದಿನವೂ ಬಂದು ನಾಯಿಯ ಸುದ್ದಿ ಹೇಳಬೇಕು ಎಂದರು. ದಿನಾ ಬೆಳಿಗ್ಗೆ ನಾನು ಹೋಗಿ “ತಿಂತು ಸಾರ್, ಕುಡಿತು ಸಾರ್, ಬೊಗಳ್ತು ಸಾರ್” ಎಂದು ಹೇಳಿ ಬರುತ್ತಿದ್ದೆ. ಅಮ್ಮ ಅಡುಗೆಮನೆಯ ಗೋಡೆಗೆ ಇದ್ದಿಲಲ್ಲಿ ಗೀಟು ಎಳೆಯುತ್ತಿದ್ದರು. ಐದನೆಯ ಗೀಟಿನವರೆಗೆ ಅವರು ನಾಯಿಯ ಊಟವನ್ನು ಉದ್ದನೆಯ ಸೌಟಿನಲ್ಲಿ ದೂರದಿಂದ ತಳ್ಳುತ್ತಿದ್ದರು. ಆರನೆಯ ದಿನ ಸೌಟು ಬಿಟ್ಟರು. ಎಂಟನೆಯ ದಿನ ಅದರ ತಲೆ ಸವರಿದ್ದನ್ನು ನಾನು ಕದ್ದು ನೋಡಿದೆ.

ಡ್ರೈವರೂ ದಿನಕ್ಕೊಮ್ಮೆ ಬೀದಿಗೆ ಬಂದು, ಕಾರಿನಿಂದ ಇಳಿಯದೆ, “ಹೆಂಗೈತೆ ತಂಗಿ?” ಎಂದು ಕೇಳಿಕೊಂಡು ಹೋಗುತ್ತಿದ್ದ. ಅವನದೂ ಹೆಗಲ ಪ್ರಶ್ನೆಯಲ್ಲವೇ? ಹತ್ತನೆಯ ದಿನ ಬಂದಾಗ ಅಪ್ಪ ಹಗ್ಗ ಬಿಚ್ಚುತ್ತಿದ್ದರು. ಅವತ್ತು ಅವನು ಇಳಿದು ಬಂದ. ಜಗಲಿಯ ಮೇಲೆ ಅಮ್ಮ ಕೊಟ್ಟ ಕಾಫಿ ಕುಡಿಯುತ್ತ ಕೂತಿದ್ದಾಗ, ಬಿಡುಗಡೆಯಾದ ನಾಯಿ ಮೈ ಮುರಿದು, ಬೀದಿಯನ್ನು ಎರಡೂ ಕಡೆ ನೋಡಿ, ನೇರವಾಗಿ ಹೋಗಿ ತೆರೆದಿದ್ದ ಬಾಗಿಲಿನಿಂದ ಕಾರು ಹತ್ತಿ, ಕೆಂಪು ಮಖಮಲ್ಲಿನ ಮೇಲೆ ಕೂತುಬಿಟ್ಟಿತು.

“ಲೇ! ಲೇ ಲೇ ಲೇ! ಇಳಿಯಲೇ!” ಎಂದು ಲೋಟ ಹಿಡಿದುಕೊಂಡೇ ಡ್ರೈವರು ಓಡಿದ. ಅದು ಅಲ್ಲಾಡಲಿಲ್ಲ. ಅಪ್ಪ ‘ಪೋರಾ’ ಎಂದರು. ಇನ್ನೂ ಒಳಕ್ಕೆ ಸರಿದು ಕಿಟಕಿಯ ಪಕ್ಕ ಕೂತಿತು.

ಡ್ರೈವರು ಅದನ್ನು ನೋಡಿದ, ಅಪ್ಪನನ್ನು ನೋಡಿದ. ಆಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟು, “ಬರ್ರಿ ಅಣ್ಣಾರೆ, ಒಂದ್ ರೌಂಡ್ ಹಾಕ್ಸಿ ಬಿಡಾನ. ಇಲ್ಲ ಅಂದ್ರೆ ಇದು ಇಳಿಯಂಗ್ ಕಾಣಲ್ಲ” ಎಂದ. ಅಪ್ಪ ಪಂಚೆ ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕಾರು ಬಸ್ ಸ್ಟ್ಯಾಂಡಿನ ಕಡೆ ಹೊರಟಿತು. ಅಮ್ಮ ಒಳಗಿಂದ “ಎಲ್ಲಿ ಹೋದ್ರೇ ಇವರು, ಕೆಲಸ ಬಿಟ್ಟು?” ಎಂದು ಕೇಳಿದರು. ನಾಯಿಯನ್ನು ತಿರುಗಾಡಿಸಲು ಹೋಗಿದ್ದಾರೆ ಎಂದೆ.